ರೇಟು ಇಳಿಯುವ ತಿಂಗಳು

ವಿಶಾಲಾಕ್ಷಮ್ಮ ಬೆನಕಪ್ಪನ ಹೆಸರನ್ನು ಮೊದಲು ಕೇಳಿದ್ದು ಎಪ್ಪತ್ನಾಲ್ಕನೇ ಇಸವಿಯ ಒಂದು ಸೋಮವಾರ ಮಧ್ಯಾಹ್ನ, ಮುದ್ದೆ ಕಟ್ಟುವ ಹೊತ್ತಿನಲ್ಲಿ. ಕಡೂರಿನ ಸ್ಟೇಷನ್ ರಸ್ತೆಯಲ್ಲಿ ಅವಳದೊಂದು ಊಟದ ಮನೆ. ಗಂಡ ಪಂಚಾಕ್ಷರಪ್ಪ ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುತ್ತಿದ್ದವನು, ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಮಂಡಿಗೆ ಬಂದವರು, ರೈಲಿಗೆ ಕಾಯುವವರು ಅವಳ ನಡುಮನೆಯಲ್ಲಿ ಸಾಲಾಗಿ ಕೂತು ಉಣ್ಣುತ್ತಿದ್ದರು. ಅವತ್ತು ಆ ಸಾಲಿನಲ್ಲಿ ನಗೆ ಎದ್ದಿತು.

"ಹಿರೇನಲ್ಲೂರು ಬೆನಕಪ್ಪ ಇಲ್ವೇ, ಮಂಡಿ ಬೆನಕಪ್ಪ, ಅವನು ಡೆಲ್ಲಿಗೆ ಇಮಾನದಾಗೆ ಹೋಗಿ ಬಂದ್ನಂತೆ ಕಣ್ರೀ."

"ಮೇಲಕ್ಕೆ ಹೋದೋರು ವಾಪಸ್ ಬಂದಿದ್ದನ್ನ ನಾನಂತೂ ಕಂಡಿಲ್ಲಪ್ಪ."

"ಇವನು ಬಂದವ್ನೆ. ಕಿವಿಗೆ ಇಟ್ಕಳಾಕೆ ಅಂತ ಹತ್ತಿ ಕೊಟ್ರಂತೆ. ಆ ಹತ್ತೀನ ತೆಗೀದೆ ಊರೆಲ್ಲ ತಿರುಗ್ತಾವ್ನೆ. ಕರೆದ್ರೆ ಕೇಳ್ಸಲ್ಲ."

ಮೂಲೆಯಲ್ಲಿ ಅವರೆಕಾಳು ಸುಲಿಯುತ್ತ ಕೂತಿದ್ದ ವಿಶಾಲಾಕ್ಷಮ್ಮನ ತಾಯಿ ತೀರ್ಥಮ್ಮ ಮೊರ ಕೆಳಗಿಟ್ಟು ಕೇಳಿದಳು: "ಆ ಇಮಾನ ಕಾಶಿಗೂ ಹೋಯ್ತದೇನ್ರಪ್ಪಾ?"

ಉಣ್ಣುತ್ತಿದ್ದವರು ಇನ್ನೊಂದು ಸಲ ನಕ್ಕರು. ಹೋಗುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ವಾರ ಕಳೆದ ಮೇಲೆ ಬೆನಕಪ್ಪನೇ ಊಟಕ್ಕೆ ಬಂದ. ಮೂವತ್ತು ದಾಟದ ಆಳು, ತೆಳ್ಳಗೆ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಜೇಬಿನಲ್ಲಿ ಪೆನ್ನು, ಪೆನ್ನಿನ ಪಕ್ಕದಲ್ಲಿ ವಿಮಾನ ಹೊರಡುವ ವೇಳೆ ಅಚ್ಚಾದ ಒಂದು ಸಣ್ಣ ಪುಸ್ತಕ. ತೀರ್ಥಮ್ಮ ಅದೇ ಪ್ರಶ್ನೆ ಕೇಳಿದಳು. ಅವನು ನಗಲಿಲ್ಲ. ಎಡಗೈಯಿಂದ ಆ ಪುಸ್ತಕ ತೆಗೆದು, ಹಾಳೆ ತಿರುವಿ, "ಹೋಯ್ತದೆ ಕಣವ್ವ. ಬೆಂಗಳೂರಿಂದ ಡೆಲ್ಲಿಗೆ ಒಂದು, ಅಲ್ಲಿಂದ ಕಾಶಿಗೆ ಇನ್ನೊಂದು. ಬೆಳಗಿನ ಪೂಜೆ ಮುಗಿಸಿ ಹತ್ತಿದ್ರೆ ಮಾರನೇ ದಿನದ ಪೂಜೆ ಕಾಶೀಲಿ" ಅಂದ. ಜೇಬಿನಿಂದ ವಿಮಾನದವರು ಕೊಟ್ಟ ಪೆಪ್ಪರ್‌ಮೆಂಟು ತೆಗೆದು ಅವಳ ಅಂಗೈಯಲ್ಲಿ ಇಟ್ಟ. ಆವತ್ತಿನಿಂದ ತೀರ್ಥಮ್ಮನಿಗೆ ಅವನು ಮಗ. ಹೆಣ್ಣೊಂದನ್ನೇ ಹೆತ್ತಿದ್ದ ಅವಳು ಅವನನ್ನು 'ಬೆನ್ಕ' ಎಂದು ಕರೆಯತೊಡಗಿದಳು. ಅವನು ಊಟಕ್ಕೆ ಬರುವ ಪ್ರತಿ ಸೋಮವಾರ ಅವನಿಗೆಂದು ಒಂದು ಹಿಡಿ ತುಪ್ಪದನ್ನ ಎತ್ತಿಡುತ್ತಿದ್ದಳು.

ಅವನ ಬದುಕು ಮೊದಲಿನಿಂದ ಅಂಥ ಮರ್ಯಾದೆ ಕಂಡಿದ್ದಲ್ಲ. ಹಿರೇನಲ್ಲೂರಿನ ಹತ್ತಿರ ಮಳೆ ನಂಬಿದ ಮೂರೆಕರೆ, ಆರನೇ ವಯಸ್ಸಿಗೆ ಸತ್ತ ತಾಯಿ, ಮಲತಾಯಿಯ ಕೈಯ ತಂಗಳು. ಹನ್ನೊಂದು ವರ್ಷಕ್ಕೆ ಕಡೂರಿಗೆ ನಡೆದು ಬಂದು, ಪಂಚಾಕ್ಷರಪ್ಪನದಲ್ಲದ ಇನ್ನೊಂದು ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೆಲಸಕ್ಕೆ ನಿಂತ. ಈ ಸೀಮೆಯಲ್ಲಿ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಒಡೆದು ಮಾರುವವನು ಗತಿಯಿಲ್ಲದವನು. ಉಳ್ಳವರು ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಮಾಡಿದ ಮೇಲೆ ಅದು ಕೊಬ್ಬರಿ. ಬೆನಕಪ್ಪ ಕಾಯನ್ನು ಕಿವಿಗೆ ಹಿಡಿದು ಇನ್ನೆಷ್ಟು ವಾರ ಬೇಕೆಂದು ಹೇಳುತ್ತಿದ್ದ. ಅವನ ಕಿವಿ ತಪ್ಪುತ್ತಿರಲಿಲ್ಲ. ಮಂಡಿ ಸಾಹುಕಾರರು ಅವನನ್ನು ಮೆಚ್ಚಿದ್ದು ಅದಕ್ಕೆ. ಡೆಲ್ಲಿಯ ಖರೀದಿದಾರ ಕೈ ತಪ್ಪುತ್ತಾನೆಂದು ಒಂದು ಸಲ ಬೇರೆ ದಾರಿ ಕಾಣದೆ ವಿಮಾನ ಹತ್ತಿಸಿ ಕಳಿಸಿದ್ದೂ ಅವನನ್ನೇ.

ಹಾಗೆ ಒಂದು ಸಲ ಹೋಗಿ ಬಂದವನು ಎರಡು ವರ್ಷದಲ್ಲಿ ವಿಮಾನದ ಬೆನಕಪ್ಪನಾದ. ಬೆಂಗಳೂರಿನಲ್ಲಿ ಟಿಕೆಟ್ ಮಾಡಿಸುವ ಒಬ್ಬನ ಗುರುತು ಹಿಡಿದ. ತರೀಕೆರೆಯ ಅಡಿಕೆಯವರು, ಅಜ್ಜಂಪುರದ ಈರುಳ್ಳಿಯವರು, ಡೆಲ್ಲಿಗೆ ಅವಸರವಾಗಿ ಹೋಗಬೇಕಾದವರೆಲ್ಲ ಅವನನ್ನು ಹುಡುಕಿಕೊಂಡು ಬಂದರು. ವಿಶಾಲಾಕ್ಷಮ್ಮನ ಜಗಲಿಯೇ ಅವನ ಆಫೀಸು. ಟಿಕೆಟಿನ ಬೆಲೆಯನ್ನು ಅವನು ಬಾಯಲ್ಲಿ ಹೇಳುತ್ತಿರಲಿಲ್ಲ. ಮಂಡಿಯಲ್ಲಿ ಕೊಬ್ಬರಿಗೆ ಮಾಡಿದ ಹಾಗೆ ಹೆಗಲ ಟವಲನ್ನು ಇಬ್ಬರ ಕೈಮೇಲೆ ಹಾಸಿ, ಅದರ ಕೆಳಗೆ ಬೆರಳು ಹಿಡಿದು ಮುಗಿಸುತ್ತಿದ್ದ. ಟವಲಿನ ಕೆಳಗೆ ಆದ ಬೆಲೆಯನ್ನು ಮೂರನೆಯವರು ಕೇಳುವಂತಿಲ್ಲ, ಕೊಟ್ಟವನು ಹೇಳುವಂತಿಲ್ಲ. ಅದು ಅಲ್ಲಿಯ ಮರ್ಯಾದೆ.

"ಇಮಾನದ ರೇಟೂ ಕೊಬ್ಬರಿ ರೇಟಿದ್ದಂಗೇ ಸಾವ್ಕಾರ್ರೇ" ಎಂದು ಅವನು ಹೇಳುವುದನ್ನು ವಿಶಾಲಾಕ್ಷಮ್ಮ ಒಳಗಿಂದ ಎಷ್ಟೋ ಸಲ ಕೇಳಿದ್ದಳು. "ಮದುವೆ, ಹಬ್ಬ, ಕಾರ್ತೀಕ ಅಂದ್ರೆ ಏರ್ತದೆ. ಆಷಾಢದಾಗೆ ಯಾವನೂ ಹೊರಗೆ ಕಾಲಿಡಲ್ಲ ನೋಡಿ, ಆಗ ದಬ್ ಅಂತ ಬೀಳ್ತದೆ. ಯಾವ ತಿಂಗ್ಳು ತಗಬೇಕು ಅನ್ನೋದೇ ಇದ್ಯೆ."

ಕೇಳಿದವರು ತಲೆದೂಗುತ್ತಿದ್ದರು. ಅವರ ಬದುಕಿನಲ್ಲಿ ಏರದೆ ಇಳಿಯದೆ ಇದ್ದ ಬೆಲೆಯನ್ನು ಅವರು ಕಂಡಿರಲಿಲ್ಲ.

ಎಪ್ಪತ್ತೊಂಬತ್ತರ ಶ್ರಾವಣದಲ್ಲಿ ತೀರ್ಥಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಕೂಡಿತು, ಆದರೆ ನೆಟ್ಟಗೆ ಕೂಡಲಿಲ್ಲ. ಒಂದು ಗಂಟೆ ಕೂತರೆ ಎರಡು ಗಂಟೆ ಮಲಗಬೇಕು. ಕಾಶಿಗೆ ರೈಲಿನಲ್ಲಿ ಮೂರು ಹಗಲು ಮೂರು ರಾತ್ರಿ. ಡಾಕ್ಟರು ಆ ಮಾತೇ ಬೇಡ ಅಂದರು. ಆಗ ಮುದುಕಿಯ ತಲೆಯಲ್ಲಿ ಬೆನ್ಕನ ವಿಮಾನ ಗಟ್ಟಿಯಾಗಿ ಕೂತುಬಿಟ್ಟಿತು.

"ನಮ್ಮ ಗುರುಗಳ ಮಠ ಐತೆ ಕಣೇ ಅಲ್ಲಿ. ನಮ್ಮಪ್ಪ ನಡಕೊಂಡು ಹೋಗಿ ಬಂದಿದ್ದ, ಏಳು ತಿಂಗ್ಳು. ಲಿಂಗಕ್ಕೆ ಅಲ್ಲಿಯ ನೀರು ಒಂದು ಸಲ ನನ್ನ ಕೈಯಾರೆ ಹಾಕಿದ್ರೆ ಸಾಕು, ಆಮೇಲೆ ನೀನು ಮಣ್ಣಿಗೆ ಯಾವಾಗ ಬೇಕಾದ್ರೂ ಇಡು."

ವಿಶಾಲಾಕ್ಷಮ್ಮ ಒಂದು ವರ್ಷ ಹಣ ಕೂಡಿಟ್ಟಳು. ಸಾಲದ್ದಕ್ಕೆ ಗಂಡ ಮಾಡಿಸಿದ್ದ ಕೈಕಡಗ ಮಾರಿದಳು. ಎಂಬತ್ತರ ಕಾರ್ತೀಕಕ್ಕೆ ಇಬ್ಬರು ಹೋಗಿ ಬರುವಷ್ಟು ಗಂಟಾಯಿತು. ಬೆನಕಪ್ಪ ಬಂದಾಗ ಗಂಟನ್ನು ಅವನ ಮುಂದಿಟ್ಟು, "ನಾಳೆನೇ ಹೋಗಿ ಮಾಡಿಸ್ಕಂಡು ಬಾರಪ್ಪ" ಅಂದಳು.

ಅವನು ಗಂಟು ಮುಟ್ಟಲಿಲ್ಲ. "ನಿನ್ನತ್ರ ಟವಲ್ ಹಾಕಲ್ಲ ಅಕ್ಕ, ಬಾಯಲ್ಲೇ ಹೇಳ್ತೀನಿ. ಈಗ ಒಬ್ರಿಗೆ ಡೆಲ್ಲಿಗೇ ಸಾವಿರದ ಮುನ್ನೂರು. ಕಾರ್ತೀಕದ ರೇಟು ಇದು. ಆಷಾಢಕ್ಕೆ ಒಂಬೈನೂರಕ್ಕೆ ಬತ್ತದೆ. ಹೋಗ್ತಾ ಬರ್ತಾ, ಇಬ್ರಿಗೆ, ಲೆಕ್ಕ ಹಾಕ್ಕೋ. ಕಡಗಾನೇ ವಾಪಸ್ ತಗಬೋದು."

"ಅವ್ವನ ಸೊಂಟ ಕೇಳ್ಬೇಕಲ್ಲೋ."

"ಎಂಟು ತಿಂಗ್ಳು. ಅಟ್ಟದ ಕಾಯಿಗೆ ಕಾಯ್ತೀಯ, ಇದಕ್ಕೆ ಕಾಯಕ್ಕಾಗಲ್ವ? ಹಸೀ ಕಾಯಿ ಒಡೆದೋನು ನೀರು ಕುಡ್ದ, ಕಾದೋನು ಕೊಬ್ರಿ ತಿಂದ ಕಣಕ್ಕ. ದುಡ್ಡು ನನ್ನ ಕೈಲಿರ್ಲಿ. ರೇಟು ಬಿದ್ದ ದಿನಾನೇ ಬೆಂಗ್ಳೂರಾಗೆ ಹಿಡೀಬೇಕು. ನಾನು ಬಂದು ನಿನ್ನ ಕೇಳಿ ಹೋಗೋದ್ರೊಳಗೆ ಏರ್ಬಿಡ್ತದೆ."

ವಿಶಾಲಾಕ್ಷಮ್ಮ ಬರಿಗೈಯ ಮಣಿಕಟ್ಟನ್ನು ಒಂದು ಸಲ ನೋಡಿಕೊಂಡಳು. ಆಸೆ ಹುಟ್ಟಿತು. ಅದನ್ನು ಮುಂದೆಂದೂ ಅವಳು ತನ್ನೊಳಗೆ ಮುಚ್ಚಿಡಲಿಲ್ಲ: ಆಸೆ ಹುಟ್ಟಿದ್ದು ನಿಜ. ಗಂಟನ್ನು ಅವನ ಕೈಗೆ ಕೊಟ್ಟು, "ಆಷಾಢ ಅಂದ್ರೆ ಆಷಾಢ" ಅಂದಳು.

ಆ ಎಂಟು ತಿಂಗಳು ತೀರ್ಥಮ್ಮ ವಿಮಾನಕ್ಕೆ ತಯಾರಾದಳು. ಸೀಟಿನಲ್ಲಿ ಸೊಂಟಕ್ಕೆ ಪಟ್ಟಿ ಬಿಗಿಯುತ್ತಾರೆಂದು ಬೆನಕಪ್ಪ ಹೇಳಿದ್ದ. ಮುದುಕಿ ದಿನಾ ಊಟವಾದ ಮೇಲೆ ಮರದ ಕುರ್ಚಿಯಲ್ಲಿ ಕೂತು, ಹಳೆ ಸೀರೆಯ ಅಂಚನ್ನು ಹೊಟ್ಟೆಗೆ ಬಿಗಿಸಿಕೊಂಡು ಕೂರುವ ಅಭ್ಯಾಸ ಮಾಡಿದಳು. ಮೊದಲು ಒಂದು ಗಂಟೆ. ಸಂಕ್ರಾಂತಿ ಹೊತ್ತಿಗೆ ಒಂದೂವರೆ. ಯುಗಾದಿ ಹೊತ್ತಿಗೆ ಎರಡೂವರೆ ಗಂಟೆ ಅಲುಗದೆ ಕೂತಳು. ಉಣ್ಣಲು ಬಂದವರು "ಏನಜ್ಜಿ, ಎಲ್ಲೀಗಂಟ ಹೋದೆ?" ಎಂದು ಕೀಟಲೆ ಮಾಡಿದರೆ, ಕಣ್ಣು ಮುಚ್ಚಿಕೊಂಡೇ "ಹೈದರಾಬಾದು ದಾಟ್ತು. ನೀನು ಸಾರು ಚೆಲ್ಲದಂಗೆ ಉಣ್ಣು, ಕೆಳಗೆ ಯಾರ್ದೋ ತಲೆ ಮೇಲೆ ಬಿದ್ದಾತು" ಅನ್ನುತ್ತಿದ್ದಳು.

ಆಷಾಢ ಬಂತು. ಬೆನಕಪ್ಪ ಮೊದಲ ಸೋಮವಾರ ಬರಲಿಲ್ಲ, ಎರಡನೆಯದೂ ಬರಲಿಲ್ಲ. ಮೂರನೆಯ ಸೋಮವಾರ ಬಂದು, ಚಪ್ಪಲಿ ಬಿಡುತ್ತಲೇ, "ಈ ವರ್ಷ ಬೀಳ್ಲಿಲ್ಲ ಅಕ್ಕ" ಅಂದ. "ಇಮಾನದ ಎಣ್ಣೆ ರೇಟು ಜಾಸ್ತಿ ಆಗೈತೆ. ಕಾರ್ತೀಕದ ರೇಟೇ ನಿಂತೈತೆ. ಇಂಥದ್ದು ಹತ್ತು ವರ್ಷಕ್ಕೊಂದ್ಸಲ. ಸಂಕ್ರಾಂತಿ ಕಳೀಲಿ, ಗ್ಯಾರಂಟಿ ಬೀಳ್ತದೆ."

"ಹೋಗ್ಲಿ, ಇರೋ ರೇಟಿಗೇ ತಗಂಡ್ಬಿಡು."

"ಇಷ್ಟು ಕಾದೋಳು ಈಗ ಕೈ ಬಿಡ್ತೀಯ? ಆಮೇಲೆ ಬಿದ್ರೆ ನನ್ನೇ ಬೈತೀಯ."

ತೀರ್ಥಮ್ಮ ಒಳಗಿಂದ, "ಬೆನ್ಕ ಹೇಳ್ದಂಗೆ ಮಾಡೇ. ಅವನಿಗೆ ಗೊತ್ತಿರೋದು ನಿನಗೇನು ಗೊತ್ತು" ಅಂದಳು. ಅಂದರೂ ಮುಖ ಬಾಡಿತ್ತು. ಮಾರನೇ ದಿನ ಕುರ್ಚಿಯಲ್ಲಿ ಕೂರಲಿಲ್ಲ. ಅದರ ಮಾರನೇ ದಿನ ಕೂತಳು.

ಸಂಕ್ರಾಂತಿ ಕಳೆದ ಐದನೆಯ ದಿನ ಮುದುಕಿಗೆ ಲಕ್ವ ಹೊಡೆಯಿತು. ಬಲಗಡೆಯ ಕೈಕಾಲು ಹೋಯಿತು, ಬಾಯಿ ಸೊಟ್ಟಗಾಯಿತು. ಲಿಂಗ ಹಿಡಿಯುವ ಎಡಗೈ ಉಳಿಯಿತು, ನೀರು ಹಾಕುವ ಕೈ ಹೋಯಿತು. ಡಾಕ್ಟರು ಬೆಂಗಳೂರಿಗೂ ಒಯ್ಯಬೇಡಿ ಅಂದರು. ಹದಿನೈದು ದಿನದ ಮೇಲೆ ತೊದಲು ಮಾತು ಬಂತು. ಬಂದ ಮೊದಲ ಮಾತೇ ವಿಶಾಲಾಕ್ಷಮ್ಮನನ್ನು ಕೊಯ್ಯಿತು.

"ಕಡಗದಾಸೆಗೆ... ನನ್ನ ಕಾಶಿ... ಮಾರ್ಬಿಟ್ಟೆ."

ಆಮೇಲೆ ಮಗಳ ಜೊತೆ ಮಾತು ನಿಲ್ಲಿಸಿದಳು. ಗಂಜಿ ಕುಡಿಸಿದರೆ ಕುಡಿಯುವಳು, ಬಟ್ಟೆ ಬದಲಿಸಿದರೆ ಸುಮ್ಮನಿರುವಳು, ಮುಖ ಮಾತ್ರ ಗೋಡೆಯ ಕಡೆ. ಬೆನಕಪ್ಪ ಬಂದರೆ ಎಡಗೈ ಎತ್ತಿ ಅವನ ತಲೆ ಸವರುವಳು. ಅವನು ಅವಳ ಕಾಲ ಹತ್ತಿರ ಕೂತು ಕಣ್ಣೊರೆಸಿಕೊಳ್ಳುವನು. ವಿಶಾಲಾಕ್ಷಮ್ಮ ಆಗಲೂ ಅವನಿಗೆ ತುಪ್ಪದನ್ನ ಬಡಿಸಿದಳು. ಅವನದೇನು ತಪ್ಪು, ಆಸೆಪಟ್ಟವಳು ತಾನೇ ಅಂದುಕೊಂಡಳು.

ಆ ಫಾಲ್ಗುಣದಲ್ಲಿ ತರೀಕೆರೆಯ ಅಡಿಕೆ ವ್ಯಾಪಾರಿ ಮಲ್ಲಿಕಾರ್ಜುನ ಊಟಕ್ಕೆ ಬಂದ. ಡೆಲ್ಲಿಗೆ ಹೋಗಿ ಬಂದ ಕತೆಯನ್ನು ಪಕ್ಕದವನಿಗೆ ಹೇಳುತ್ತಿದ್ದ. "ಹೋದ ಆಷಾಢದಾಗೆ ಹೋಗಿದ್ದೆ. ಬೆನಕಪ್ಪ ಸಾವಿರಕ್ಕೆಲ್ಲ ಮುಗಿಸ್ಕೊಟ್ಟ. ಆಷಾಢ ನೋಡು, ದಬ್ ಅಂತ ಬಿದ್ದಿತ್ತು ರೇಟು."

ಸಾರಿನ ಸೌಟು ವಿಶಾಲಾಕ್ಷಮ್ಮನ ಕೈಯಲ್ಲೇ ನಿಂತಿತು. "ಯಾವ ಆಷಾಢ, ಸಾವ್ಕಾರ್ರೇ?"

"ಹೋದ್ದೇ ಕಣಮ್ಮ. ಎಂಬತ್ತೊಂದು."

"ಆ ಆಷಾಢದಾಗೆ ಬೀಳ್ಲಿಲ್ಲ ಅಂದ್ನಲ್ಲ."

ಮಲ್ಲಿಕಾರ್ಜುನ ಗಕ್ಕನೆ ಎಚ್ಚೆತ್ತ. ಟವಲಿನ ಕೆಳಗಿನ ಬೆಲೆಯನ್ನು ತುಂಬಿದ ಮನೆಯಲ್ಲಿ ಬಾಯಿಬಿಟ್ಟಿದ್ದ. ತಲೆ ತಗ್ಗಿಸಿ ಉಂಡ. ವಿಶಾಲಾಕ್ಷಮ್ಮ ಬಿಡಲಿಲ್ಲ. ಕೈತೊಳೆಯಲು ಎದ್ದವನಿಗೆ ಚೊಂಬು ಹಿಡಿದು ನಿಂತು, "ಆ ಟಿಕೆಟ್ ಚೀಟಿ ಐತಾ?" ಅಂದಳು. ಇತ್ತು. ಯಾರಿಗಾದರೂ ತೋರಿಸಲೆಂದು ಪರ್ಸಿನಲ್ಲೇ ಮಡಿಸಿ ಇಟ್ಟುಕೊಂಡಿದ್ದ. ಅವಳಿಗೆ ಇಂಗ್ಲಿಷ್ ಅಕ್ಷರ ಬಾರದು. ಅಂಕಿ ಬರುತ್ತಿತ್ತು. ಹನ್ನೆರಡು ವರ್ಷ ಊಟದ ಮನೆ ನಡೆಸಿದವಳಿಗೆ ಅಂಕಿ ಬಾರದೆ ಇರುತ್ತದೆಯೇ? ಚೀಟಿಯ ಮೂಲೆಯಲ್ಲಿ ಒಂಬತ್ತು, ಎಂಟು, ಎರಡು ಇತ್ತು.

"ಬುಕ್ಕಿನ ರೇಟಂತೆ ಅದು. ಅದನ್ನ ನೋಡ್ಬಾರ್ದಂತೆ, ಬೆನಕಪ್ಪ ಹೇಳ್ದ" ಅಂದ ಮಲ್ಲಿಕಾರ್ಜುನ.

"ಒಂದು ದಿನಕ್ಕೆ ಕೊಡಿ. ನಾಳೆ ನಿಮ್ಮ ಅಂಗ್ಡಿಗೇ ಮುಟ್ಟಿಸ್ತೀನಿ."

ಮಾರನೇ ಬೆಳಿಗ್ಗೆ ಅವಳು ಮೊದಲ ಬಸ್ಸಿಗೆ ಅಜ್ಜಂಪುರಕ್ಕೆ ಹೋದಳು. ಅಲ್ಲಿಯ ಈರುಳ್ಳಿ ವ್ಯಾಪಾರಿ ತಿಮ್ಮರಾಯಪ್ಪ ಅದೇ ವರ್ಷದ ಕಾರ್ತೀಕದಲ್ಲಿ ಡೆಲ್ಲಿಗೆ ಹೋಗಿದ್ದು ಅವಳಿಗೆ ನೆನಪಿತ್ತು. ಅವಳ ಜಗಲಿಯ ಮೇಲೆಯೇ ಟವಲು ಹಾಸಿದ್ದರು. ತಿಮ್ಮರಾಯಪ್ಪ ವಿಷಯ ಕೇಳಿ ಮುಖ ಗಂಟು ಹಾಕಿದ.

"ಕೊಟ್ಟಿದ್ದೆಷ್ಟು ಅಂತ ಹೇಳಾಂಗಿಲ್ಲ ಕಣಮ್ಮ. ಮೊದ್ಲಿಂದ್ಲೂ ಹಂಗೇ ನಡ್ಕೊಂಡ್ ಬಂದಿದ್ದು."

"ಕೊಟ್ಟಿದ್ದು ಬೇಡ. ಚೀಟಿ ತೋರ್ಸಿ ಸಾಕು."

ಚೀಟಿ ದೇವರ ಕೋಣೆಯಲ್ಲಿತ್ತು. ಮನೆಯಲ್ಲಿ ಮೊದಲು ಆಕಾಶಕ್ಕೆ ಏರಿದ ಗುರುತೆಂದು ಅವನ ಹೆಂಡತಿ ಅದಕ್ಕೂ ಕುಂಕುಮ ಇಡುತ್ತಿದ್ದಳು. ಕುಂಕುಮ ಬಿದ್ದದ್ದು ಸರಿಯಾಗಿ ಅಂಕಿಯ ಮೇಲೆ. ವಿಶಾಲಾಕ್ಷಮ್ಮ ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು. ಒಂಬತ್ತು. ಎಂಟು. ಎರಡು. ಮಲ್ಲಿಕಾರ್ಜುನನ ಚೀಟಿಯನ್ನು ಪಕ್ಕದಲ್ಲಿಟ್ಟಳು. ಒಂದು ಆಷಾಢದ್ದು, ಒಂದು ಕಾರ್ತೀಕದ್ದು. ಒಂದಾಣೆಯ ವ್ಯತ್ಯಾಸವಿಲ್ಲ.

ತಿಮ್ಮರಾಯಪ್ಪ ಎರಡನ್ನೂ ಕೈಗೆತ್ತಿಕೊಂಡು ನೋಡಿದ. ಆಮೇಲೆ ತಾನಾಗಿಯೇ, "ಸಾವಿರದ ನಾನೂರು ಕೊಟ್ಟೆ" ಅಂದ. "ಬೆಂಗ್ಳೂರಿನ ಇಮಾನದ ಆಫೀಸ್ನಾಗೆ ಒಬ್ಬ ಅಂದಿದ್ದ, ಸರ್ಕಾರ ಹಾಕಿದ ರೇಟು, ಅದು ಬದಲಾಯಿಸೋಗಂಟ ಎಲ್ಲಾ ತಿಂಗ್ಳೂ ಒಂದೇ ಅಂತ. ನಾನೇ ನಂಬ್ಲಿಲ್ಲ. ಎಲ್ಲಾದ್ರೂ ಉಂಟೇ, ವರ್ಷವೆಲ್ಲ ಒಂದೇ ರೇಟು, ಅಂತ ನಗಾಡ್ದೆ."

ಬಸ್ಸಿನಲ್ಲಿ ವಾಪಸು ಬರುವಾಗ ವಿಶಾಲಾಕ್ಷಮ್ಮನಿಗೆ ಅಳು ಬರಲಿಲ್ಲ. ಕುರ್ಚಿಯಲ್ಲಿ ಹೊಟ್ಟೆಗೆ ಸೀರೆ ಬಿಗಿದು ಕಣ್ಣು ಮುಚ್ಚಿ ಕೂತ ತಾಯಿ ಕಾಣುತ್ತಿದ್ದಳು. ಎಂಬತ್ತರ ಕಾರ್ತೀಕದಲ್ಲಿ ಆ ಗಂಟಿನ ಹಣದಲ್ಲಿ ಹೋಗಿ, ಬಂದು, ಇನ್ನೂ ಉಳಿಯುತ್ತಿತ್ತು. ಇಳಿಯಲಿ ಎಂದು ಕಾದ ಬೆಲೆ ಅವಳು ಕಾಯಲು ಕೂತ ದಿನವೇ ಇಳಿದಿತ್ತು. ಏರಿದ್ದು ಅವನ ಬಾಯಲ್ಲಿ ಮಾತ್ರ.

ಬೆನಕಪ್ಪ ಸೋಮವಾರ ಬಂದಾಗ ಅವಳು ಎಲೆ ಹಾಕಲಿಲ್ಲ. ಜಗಲಿಯಲ್ಲೇ ನಿಲ್ಲಿಸಿ ಎರಡು ಚೀಟಿಯ ಅಂಕಿಯನ್ನೂ ಹೇಳಿದಳು. ಉಣ್ಣುತ್ತಿದ್ದವರೆಲ್ಲ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದಳು. ತೀರ್ಥಮ್ಮ ಹಿಂದಿನ ಕೋಣೆಯಲ್ಲಿ ನಿದ್ದೆ ಹೋಗಿದ್ದಳು. ಅವನು ತಿರುಗಿ ಚಪ್ಪಲಿ ಮೆಟ್ಟಿದ. ಹೊರಟುಹೋದ. ಹತ್ತು ದಿನ ಅವನ ಸುಳಿವಿಲ್ಲ. ಹಣ ಮುಳುಗಿತು ಎಂದು ಊರು ಮಾತಾಡಿಕೊಂಡಿತು. ಹನ್ನೊಂದನೆಯ ದಿನ ಮಧ್ಯಾಹ್ನ, ಊಟದವರು ಎದ್ದುಹೋದ ಮೇಲೆ, ಅವನು ಹಿತ್ತಲ ಬಾಗಿಲಿಗೆ ಬಂದ. ಗಡ್ಡ ಬೆಳೆದಿತ್ತು. ಕೈಯಲ್ಲಿ ಅದೇ ಗಂಟು.

"ಒಂದು ಪೈಸೆ ಮುಟ್ಟಿಲ್ಲ ಅಂತ ಅನ್ನಲ್ಲ ಅಕ್ಕ. ಹೋದ ಯುಗಾದೀಲಿ ಕಾಯಿಗೆ ಹಾಕಿದ್ದೆ. ಅಟ್ಟದಾಗಿತ್ತು. ಈಗ ಕೊಬ್ರಿ ಮಾರಿ ತಂದೀನಿ. ಬಂದ ಲಾಭಾನೂ ಇದ್ರಾಗೇ ಐತೆ."

"ನೀನು ದುಡ್ಡು ತಿಂದಿದ್ರೆ ಬಿಡ್ತಿದ್ದೆ ಕಣೋ. ಬೈದು, ಬಿಟ್ಬಿಡ್ತಿದ್ದೆ."

ಅವನು ಹೊಸಿಲಿನಾಚೆಯೇ ಕುಕ್ಕರುಗಾಲಲ್ಲಿ ಕೂತ. "ಎಲ್ಲಾ ತಿಂಗ್ಳೂ ಒಂದೇ ರೇಟು ಅಂದ್ರೆ ನನ್ನ ಯಾರು ಕೇಳ್ತಿದ್ರು ಹೇಳು. ಬೆಂಗ್ಳೂರಿಗೆ ಹೋಗಿ ಕಿಟಕೀಲಿ ದುಡ್ಡು ಕೊಟ್ರೆ ಯಾವನಿಗಾದ್ರೂ ಕೊಡ್ತಾರೆ. ಮೊದ್ಲು ತಮಾಷೆಗೆ ಅಂದೆ. ಸಾವ್ಕಾರ್ರೆಲ್ಲ ನನ್ನ ಪಕ್ಕ ಕೂತು, 'ಯಾವಾಗ ತಗಬೋದಪ್ಪಾ' ಅಂತ ಕೇಳಾಕೆ ಶುರು ಮಾಡಿದ್ರು. ಕಾಯಿ ಆರಿಸ್ತಿದ್ದೋನ್ನ. ಅದು ರುಚಿ ಹತ್ತಿಬಿಡ್ತು."

"ಅವರ ಜೊತೆ ಆಡ್ದೆ, ಆಡ್ಕೋ. ನನ್ನವ್ವನ ಜೊತೆ?"

"ಅವ್ವನ ಮುಂದೆ ಒಂದ್ಸಲ ಅಂದ್ಮೇಲೆ ಹೆಂಗೆ ಇಲ್ಲ ಅನ್ಲಿ. ನಾಳೆ ಮಾಡಿಸಾಣ, ನಾಳೆ ಮಾಡಿಸಾಣ ಅಂತಾನೇ ಇದ್ದೆ. ಕೊಬ್ರಿ ಆಗಿರ್ಲಿಲ್ಲ. ಅವ್ವಂಗೆ ಲಕ್ವ ಹೊಡೆದಾಗ ಇನ್ನು ಮೂರು ವಾರ ಬೇಕಿತ್ತು."

ವಿಶಾಲಾಕ್ಷಮ್ಮ ಗಂಟು ಬಿಚ್ಚಿ ತನ್ನಷ್ಟನ್ನು ಎಣಿಸಿ ತೆಗೆದುಕೊಂಡಳು. ಮಿಕ್ಕಿದ್ದನ್ನು ಅದೇ ಬಟ್ಟೆಯಲ್ಲಿ ಸುತ್ತಿ ಅವನ ಕಾಲ ಬುಡಕ್ಕೆ ತಳ್ಳಿದಳು. ಅವನು ಅದನ್ನು ಎತ್ತಿಕೊಂಡ. ಎತ್ತಿಕೊಳ್ಳಲಾರ ಅಂದುಕೊಂಡಿದ್ದಳು, ಅದೂ ಸುಳ್ಳಾಯಿತು. ಅವನು ತರೀಕೆರೆ ಕಡೆ ಯಾರದೋ ಮಂಡಿಯಲ್ಲಿ ಕೆಲಸ ನೋಡಿಕೊಂಡಿರುವುದಾಗಿ ಹೇಳಿದ, ಸಂಜೆಯ ಗಾಡಿಗೆ ಹೋಗುವುದಾಗಿ ಹೇಳಿದ. ಅವಳು ಎಣಿಸಿದ ಹಣವನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಒಳಗಿನ ಕೋಣೆಯಿಂದ ತೀರ್ಥಮ್ಮನ ತೊದಲು ದನಿ ಬಂತು: "ಬೆನ್ಕ... ಬಂದ್ನಾ?"

ಎರಡು ತಿಂಗಳಿಂದ ಮಗಳನ್ನು ಉದ್ದೇಶಿಸಿ ಅವಳು ಕೇಳಿದ ಮೊದಲ ಮಾತು ಅದು. ವಿಶಾಲಾಕ್ಷಮ್ಮ ಎದ್ದು ನಿಂತಳು. ಈಗ ಒಳಗೆ ಹೋಗಿ ಆ ಎರಡು ಚೀಟಿಯ ಅಂಕಿ ಹೇಳಿದರೆ ಸಾಕಿತ್ತು. ಗೋಡೆಗೆ ತಿರುಗಿದ ಆ ಮುಖ ತನ್ನ ಕಡೆ ತಿರುಗುತ್ತಿತ್ತು.

ಬೆನಕಪ್ಪನೂ ಎದ್ದ. ಹೊಸಿಲು ದಾಟದೆ, ದನಿ ತಗ್ಗಿಸಿ, ಅವಳ ಸೆರಗಿನಂಚು ನೋಡುತ್ತ ಹೇಳಿದ:

"ಅಕ್ಕ, ಅವ್ವಂಗೆ ಮಾತ್ರ ಹೇಳ್ಬೇಡ. ನೀನೇ ಕಡಗದಾಸೆಗೆ ತಡ ಮಾಡ್ದೆ ಅಂತ ಅವ್ಳು ಅಂದ್ಕಂಡವ್ಳೆ, ಹಂಗೇ ಇರ್ಲಿ ಬಿಡು. ನೀನು ಹೊಟ್ಟೇಲಿ ಹುಟ್ಟಿದ ಮಗಳು, ಇವತ್ತಲ್ಲ ನಾಳೆ ನಿನ್ನ ಕಡೆ ತಿರುಗ್ತಾಳೆ. ನನಗೆ ಅವ್ಳು ಇನ್ನೊಂದ್ಸಲ ಸಿಗಲ್ಲ."